ತೊಡೆಗೆ ಬಿದ್ದ ಏಟು

ನಮ್ಮ ಬಯಲಾಟದ ಗದಾಯುದ್ಧದಲ್ಲಿ ನಾನು ಕೌರವರ ಹಿರಿಯ, ನನ್ನ ಗೆಳೆಯ ಪಾಂಡವರ ಎರಡನೆಯವನು. ಅವನು ಸಿರುಗುಪ್ಪದವನು. ಮೂರು ತಿಂಗಳು ಕುರುಗೋಡಿನ ನಮ್ಮ ಅಂಗಳಕ್ಕೆ ತಾಲೀಮಿಗೆ ಬಂದ. ಬಂದಾಗಲೆಲ್ಲ ನಮ್ಮವ್ವನ ಕೈಯ ರೊಟ್ಟಿ ತಿಂದ. ಕುಣಿತದಲ್ಲೂ ಗಂಟಲಲ್ಲೂ ಇಬ್ಬರೂ ಸರಿಸಮ ಎಂದು ಕಲಿಸುವ ಮಾಸ್ತರರೇ ಹೇಳುತ್ತಿದ್ದರು.

ನಮ್ಮ ಆಟದಲ್ಲೊಂದು ಕಟ್ಟುಪಾಡಿದೆ. ಸೋಲುವವನು ತನ್ನ ಕೊನೆಯ ಪದ ಹಾಡಿ ಮುಗಿಸಿ ಗದೆಯನ್ನು ನೆಲಕ್ಕೂರಬೇಕು. ಆಮೇಲೆಯೇ ಎದುರಿನವನು ಅವನ ತೊಡೆಗೆ ಹೊಡೆಯಬೇಕು. ಒಮ್ಮೆ ಗದೆ ತೊಡೆಗೆ ಮುಟ್ಟಿತೋ, ಬಿದ್ದವನು ಮತ್ತೆ ಬಾಯಿ ತೆರೆಯುವಂತಿಲ್ಲ.

ಬಳ್ಳಾರಿಯಲ್ಲಿ ಆಟವಾದ ಸಂಜೆ, ಆ ಪದ ಕೇಳಲೆಂದೇ ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಾರ್ಮೋನಿಯಂ ಶ್ರುತಿ ಕೊಟ್ಟಿತು. ನಾನು ಉಸಿರೆಳೆದುಕೊಂಡೆ. ಅಷ್ಟರಲ್ಲೇ ಅವನ ಗದೆ ನನ್ನ ತೊಡೆಗೆ ಬಿತ್ತು. ರಟ್ಟಿನ ಗದೆ, ನೋವೇನೂ ಆಗಲಿಲ್ಲ. ಆದರೂ ಬಿದ್ದೆ, ಬೀಳಲೇಬೇಕಿತ್ತು. ಸಿಳ್ಳೆಯೆಲ್ಲ ಅವನ ಪಾಲಾಯಿತು.

ಬಣ್ಣ ಒರೆಸಿಕೊಳ್ಳುವಾಗ ಕೇಳಿದೆ: “ಯಾಕ್ ಲೇ ಹಂಗ ಮಾಡಿದಿ?”

“ನೀ ಆ ಪದ ಹಾಡಿದ್ರ ಮಂದಿ ನನ್ನ ನೆನಪಿಡ್ತಿದ್ರೇನು?” ಎಂದು ನಕ್ಕ. “ಕತಿಯಾಗೂ ಮೋಸದಿಂದನ ಹೊಡಿಯೋದಲ್ಲೇನು?”

“ಕತಿಯಾಗ ಅವರಿಬ್ರು ವೈರಿಗಳು ಲೇ!”

ಅವನು ಕನ್ನಡಿಯತ್ತ ತಿರುಗಿ ಮೀಸೆ ಕೀಳತೊಡಗಿದ.

ಕುರುಗೋಡಿನ ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಊರು ಹತ್ತಿರವಾದಾಗ ಯಾರಿಗೂ ಕೇಳಿಸದಂತೆ ಕೇಳಿದಳು: “ಮೂರು ತಿಂಗಳು ಹಾಡಿದ ಪದ, ಹೆಂಗ ಮರತಿ ನನ್ನಪ್ಪಾ?”