ಕಾಲಿನ ಸುದ್ದಿಯನ್ನು ಕಣ್ಣಲ್ಲಿ ಓದುವಾಕೆ

ಬೆಳಗಿನ ಆರೂವರೆ. ಶಿರಾ ತಾಲೂಕಿನ ತಾವರೆಕೆರೆಯ ಶಾಲೆ ಮೈದಾನದಲ್ಲಿ ಬಿಳಿ ವ್ಯಾನೊಂದು ನಿಂತಿದೆ. ಒಳಗೆ ಲಕ್ಷ್ಮೀದೇವಿ ಯಂತ್ರದ ಮಸೂರವನ್ನು ಮಗುವಿನ ಮೂಗೊರೆಸುವಷ್ಟು ಮೆತ್ತಗೆ ಒರೆಸುತ್ತಿದ್ದಾರೆ. ಹೊರಗೆ ಆಗಲೇ ಸಾಲು. ಚಪ್ಪಲಿ ಕಳಚಿ, ಕಾಲು ತೊಳೆದು, ತೋರಿಸಲು ಸಜ್ಜಾಗಿ ಬಂದವರೇ ಎಲ್ಲ. ಪಾವಗಡದ ತಿರುಮಣಿಯಿಂದ ಮಗಳ ಮನೆಗೆ ಬಂದಿರುವ ಓಬಳಮ್ಮ ಮೊದಲು ಒಳಹೋಗುತ್ತಾರೆ, ಹೋದ ವೇಗದಲ್ಲೇ ಹೊರಬರುತ್ತಾರೆ.

"ಏಮಮ್ಮಾ ಇದಿ! ಕಾಲು ಉರೀತದೆ ಅಂತ ಬಂದ್ರೆ ಕಣ್ಣು ಬಿಡು ಅಂತಾಳೆ! ನಾಳೆ ಹಲ್ಲುನೋವು ಅಂದ್ರೆ ಮೊಣಕಾಲು ತೋರ್ಸು ಅಂತಾಳೇನೋ!"

ಸಾಲಿಗೆ ಸಾಲೇ ನಗುತ್ತದೆ. ಒಳಗಿನಿಂದ ಲಕ್ಷ್ಮೀದೇವಿಯೂ ನಗುತ್ತಾರೆ. "ಬಾರಜ್ಜಿ, ನಿನ್ ಕಾಲು ಚಾಡಿ ಹೇಳೋದು ಕಣ್ಣಿನ ಕಿವೀಲೇ."

ವಿಷಯ ಇಷ್ಟೇ. ಸಕ್ಕರೆ ಕಾಯಿಲೆ ಮೊದಲು ಮೇಯುವುದು ಕೂದಲೆಳೆಗಿಂತ ಸಣ್ಣ ನರಗಳನ್ನು. ಕಾಲಿನಲ್ಲಿ ಅವು ಚರ್ಮದಡಿ ಅಡಗಿರುತ್ತವೆ, ನೋಡಬೇಕೆಂದರೆ ಚರ್ಮದ ಚೂರು ಕತ್ತರಿಸಬೇಕು. ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಕಾರ್ನಿಯಾದಲ್ಲೂ ಅಂಥವೇ ಎಳೆಗಳಿವೆ. ಅಲ್ಲಿ ಕತ್ತರಿ ಬೇಡ, ಬೆಳಕು ಸಾಕು. ನೋವಾಗದಂತೆ ಒಂದು ಹನಿ ಔಷಧಿ ಬಿಟ್ಟು, ಕೆಲವು ನಿಮಿಷ ಕಣ್ಣು ಮಿಟುಕಿಸದೆ ಕೂತರೆ ಪರದೆಯ ಮೇಲೆ ನರಗಳ ಚಿತ್ರ ಮೂಡುತ್ತದೆ. ಅದನ್ನು ತುಮಕೂರಿನಲ್ಲಿ ಕೂತ ವೈದ್ಯರು ನೋಡಿ ಅಭಿಪ್ರಾಯ ಹೇಳುತ್ತಾರೆ.

ಮೂವತ್ತೆಂಟರ ಲಕ್ಷ್ಮೀದೇವಿ ಹುಲಿಕುಂಟೆಯ ಕುರಿ ಸಾಕುವ ಮನೆಯ ಮಗಳು. ಕಣ್ಣಿನ ತಪಾಸಣೆಯ ಡಿಪ್ಲೊಮಾ ಓದಿ, ಶಿರಾದ ಕನ್ನಡಕದಂಗಡಿಯಲ್ಲಿ ದುಡಿದು, ಈಗ ಒಂದು ಟ್ರಸ್ಟಿನ ಈ ವ್ಯಾನಿನಲ್ಲಿ ತಂತ್ರಜ್ಞೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲೂಕಿನ ರಸ್ತೆಗುಂಡಿಗಳು ಇವರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಜನ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಹೋದರೆ ಬೈಗುಳ. ಮೊದಮೊದಲು "ಕಣ್ಣು ಕೀಳೋ ವ್ಯಾನು ಬಂತು" ಎಂದು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ ಬೀದಿಗಳೂ ಉಂಟು.

ನರ ಚೆನ್ನಾಗಿದ್ದರೆ ಹೇಗಿರುತ್ತದೆ ಎಂದು ಜನರಿಗೆ ತೋರಿಸಲು ಅವರು ತಮ್ಮದೇ ಕಣ್ಣಿನ ಚಿತ್ರ ಇಟ್ಟುಕೊಂಡಿದ್ದಾರೆ. ಕರಿ ನೆಲದಲ್ಲಿ ಬಿಳಿ ಸಾಲುಗಳು, ಕೂರಿಗೆ ಹೊಡೆದು ಸಾಲಾಗಿ ಬಿತ್ತಿದ ಹೊಲದ ಹಾಗೆ. "ನಾಲ್ಕು ತಾಲೂಕಿನೋರೂ ನನ್ ಕಣ್ಣು ನೋಡವ್ರೆ. ನಮ್ಮನೆಯೋರೊಬ್ರಿಗೇ ಇನ್ನಾ ಪುರುಸೊತ್ತಾಗಿಲ್ಲ," ಎನ್ನುತ್ತಾರೆ.

ಎಂಟರ ಹೊತ್ತಿಗೆ ಕುರಿಗಾರ ನರಸಪ್ಪ ತಮ್ಮ ಹೆಂಡತಿ ಹೊನ್ನಕ್ಕನನ್ನು ಕರೆತರುತ್ತಾರೆ. ಸಕ್ಕರೆ ಇರುವುದು ಹೊನ್ನಕ್ಕನಿಗೆ. ಅಂಗಾಲಿನಲ್ಲಿ ಇರುವೆ ಹರಿದಂತೆ ಜುಮುಜುಮು. ಆದರೆ ಯಂತ್ರ ಕಂಡದ್ದೇ ಆಕೆ ಬಾಗಿಲ ಕಂಬಿ ಹಿಡಿದು ನಿಂತುಬಿಡುತ್ತಾರೆ. ಗಂಡ ಅಷ್ಟಕ್ಕೇ ಎದೆ ಸೆಟೆಸುತ್ತಾರೆ.

"ಇದಕ್ಯಾಕೆ ಹೆದರ್ಕಂತೀಯೆ? ಮೊದ್ಲು ನಾನು ಕುಂತ್ಕತೀನಿ, ನೋಡು. ಹೋದ್ವರ್ಷದಿಂದ ಜಾಲಿಮುಳ್ಳು ಚುಚ್ಚುದ್ರೂ ನಂಗೆ ಗೊತ್ತಾಗಾಕಿಲ್ಲ ಕಣಮ್ಮ. ಕಾಲು ಅಂಗೆ ಪಳಗೋಗದೆ!"

"ಹೂಂ, ಮುಳ್ಳು ಕೀಳೋಳು ನಾನು, ಪಳಗಿರೋನು ಇವ್ನು," ಎನ್ನುತ್ತಾರೆ ಹೊನ್ನಕ್ಕ. "ಮುಂಚೆ ಪಿನ್ನು ತಗುಲುದ್ರೆ ಕೇರಿಗೆಲ್ಲ ಕೇಳಂಗೆ ಕೂಗ್ತಿದ್ದ. ಈಗ ಕೀಳೋವಾಗ್ಲೇ ಗೊರಕೆ ಹೊಡೀತಾನೆ."

ಸಾಲಿನಲ್ಲಿ ಮತ್ತೆ ನಗು. ಲಕ್ಷ್ಮೀದೇವಿ ಮಾತ್ರ ನಗುವುದಿಲ್ಲ. ಅವರು ಪರದೆಯ ಮೇಲೆ ಮೂಡಿದ ನರಸಪ್ಪನವರ ಕಣ್ಣಿನ ಚಿತ್ರ ನೋಡುತ್ತಿದ್ದಾರೆ. ಬಿಳಿ ಸಾಲುಗಳಿರಬೇಕಾದ ಕಡೆ ಕಪ್ಪು. ಬಲಕ್ಕೆ ಸರಿಸಿದರೆ ಕಪ್ಪು, ಎಡಕ್ಕೆ ಸರಿಸಿದರೂ ಕಪ್ಪು. ಮೂಲೆಯಲ್ಲೊಂದು ಹರಿದ ಎಳೆ, ಅಷ್ಟೇ. ಬೆರಳು ಚುಚ್ಚಿ ರಕ್ತ ನೋಡಿದರೆ ಸಕ್ಕರೆ ನಾನೂರು ದಾಟಿದೆ. ಈ ಮನುಷ್ಯ ಒಮ್ಮೆಯೂ ಪರೀಕ್ಷೆ ಮಾಡಿಸಿದವರಲ್ಲ.

"ಅಣ್ಣಾ, ಮೆಟ್ಟು ಬಿಚ್ಚು."

ಜೊತೆಗೆ ಬಂದವರು ತಾನೇ, ನರಸಪ್ಪ ಟೈರಿನ ಮೆಟ್ಟನ್ನು ಕಳಚಿರಲಿಲ್ಲ. ಈಗ ಬಲಗಾಲಿನದು ಸಲೀಸಾಗಿ ಬರುವುದಿಲ್ಲ, ಜಗ್ಗಿದರೆ ಕಿತ್ತು ಬರುತ್ತದೆ. ಮೆಟ್ಟಿನ ಮುಂಭಾಗದಲ್ಲಿ ಮೊಳೆಯೊಂದು ನೆಟ್ಟಗೆ ನಿಂತಿದೆ. ಹೆಬ್ಬೆರಳಿನ ಬುಡದಲ್ಲಿ ಅದರದೇ ಅಳತೆಯ ತೂತು. ಸುತ್ತ ಚರ್ಮ ಕಪ್ಪಾಗಿದೆ, ಒಳಗಿನಿಂದ ಕೀವು ಜಿನುಗುತ್ತಿದೆ. ಈ ಮನುಷ್ಯ ಅದೆಷ್ಟೋ ದಿನ, ಎದ್ದ ಕೂಡಲೇ ಅದೇ ಮೊಳೆಯ ಮೇಲೆ ಕಾಲೂರಿ, ಕುರಿಗಳ ಹಿಂದೆ ಹೊಲ ಸುತ್ತಿದ್ದಾರೆ! ನೋಡುತ್ತಿರುವ ಎಲ್ಲರ ಅಂಗಾಲೂ ಜುಮ್ಮೆನ್ನುತ್ತದೆ. ಜುಮ್ಮೆನ್ನದಿರುವುದು ಅವರೊಬ್ಬರದೇ.

"ಅಯ್ಯೋ, ಇದ್ಯಾವಾಗ ಹೊಕ್ಕಂತೋ! ಕೆಂಪುಗಿತ್ತು, ಕೆಮ್ಮಣ್ಣು ಅಂದ್ಕಂಡಿದ್ದೆ," ಎನ್ನುತ್ತಾರೆ ನರಸಪ್ಪ. ಹೊನ್ನಕ್ಕನ ಬಾಯಿಗೆ ಸೆರಗು ಬಂದಿದೆ.

ತುಮಕೂರಿನ ವೈದ್ಯರದು ಫೋನಿನಲ್ಲಿ ಒಂದೇ ಮಾತು: ಇವತ್ತೇ ಕಳಿಸಿ, ತಡವಾದರೆ ಪಾದ ತೆಗೆಯಬೇಕಾಗುತ್ತದೆ. ನರಸಪ್ಪ ಒಪ್ಪುವುದಿಲ್ಲ. ಸಂಜೆ ಶಂಕರಲಿಂಗಪ್ಪನವರ ಹೊಲದಲ್ಲಿ ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸುವುದಾಗಿ ಮಾತು ಕೊಟ್ಟಿದ್ದಾರೆ. "ನೋವೇ ಇಲ್ಲ, ಆಸ್ಪತ್ರೆ ಯಾಕಮ್ಮ? ಮಂದೆ ನಿಲ್ಸಿ ನಾಡಿದ್ದು ಹೊಂಟೋಯ್ತೀನಿ ಬುಡು."

ಲಕ್ಷ್ಮೀದೇವಿ ಮೊಣಕಾಲೂರಿ, ಗಾಯಕ್ಕೆ ಬಟ್ಟೆ ಸುತ್ತುತ್ತಲೇ ಕೇಳುತ್ತಾರೆ: "ಅಣ್ಣಾ, ಗೊರಸು ಕೊಳೆತ ಕುರೀನ ಹಿಂಡಿನ ಜೊತೆ ನಡೆಸ್ತೀಯಾ?"

"ಎಲ್ಲಾರ ಉಂಟಾ? ಹೆಗಲ ಮೇಲೆ ಹಾಕ್ಕಂತೀನಿ."

"ಕುರಿ ನೋವು ಅಂತ ಬಾಯ್ಬಿಟ್ಟು ಹೇಳ್ತಾ?"

ಉತ್ತರಿಸುವವರು ಹೊನ್ನಕ್ಕ. "ಮಂದೆ ನಾನು ನಿಲ್ಲಿಸ್ತೀನಿ. ನನ್ ಕಾಲು ಇನ್ನಾ ಮಾತಾಡ್ತದೆ. ನೀನೋಗು."

ವ್ಯಾನಿನ ಚಾಲಕ ಜಯರಾಮು ಬೆನ್ನು ಬಗ್ಗಿಸಿ ನಿಲ್ಲುತ್ತಾರೆ. "ಹತ್ತು ಮಾವ. ಕುರಿಗಿಂತ ಭಾರ ಇದ್ರೆ ಅಲ್ಲೇ ಇಳಿಸ್ಬುಡ್ತೀನಿ." ಸಾಲಿನಲ್ಲಿದ್ದವರು ದಾರಿ ಬಿಡುತ್ತಾರೆ. ಈ ಸಲ ಯಾರೂ ನಗುವುದಿಲ್ಲ. ನರಸಪ್ಪನನ್ನು ಯಾರದೋ ಕಾರಿನಲ್ಲಿ ಮಲಗಿಸಿ ತುಮಕೂರಿಗೆ ಕಳಿಸಲಾಗುತ್ತದೆ.

ಅಂದು ಮಧ್ಯಾಹ್ನ ಹೊನ್ನಕ್ಕನ ಕಣ್ಣಿನ ಚಿತ್ರವೂ ಬರುತ್ತದೆ. ಸಾಲುಗಳು ತೆಳುವಾಗಿವೆ, ಆದರೆ ಇವೆ. ಸಕ್ಕರೆ ಹಿಡಿತಕ್ಕೆ ತಂದರೆ ಉಳಿಸಿಕೊಳ್ಳಬಹುದು ಎನ್ನುತ್ತಾರೆ ವೈದ್ಯರು. ವಾರದ ನಂತರ ಆಸ್ಪತ್ರೆಯಿಂದ ಸುದ್ದಿ: ಹೆಬ್ಬೆರಳು ಹೋಗಿದೆ, ಪಾದ ಉಳಿದಿದೆ. ಸ್ಪರ್ಶ ಮರಳುವ ಭರವಸೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ.

ಲಕ್ಷ್ಮೀದೇವಿಗೆ ಈ ಸುದ್ದಿ ಮುಟ್ಟುವಾಗ ವ್ಯಾನು ಕೊರಟಗೆರೆಯ ಹಾದಿಯಲ್ಲಿದೆ. ಒಂದು ಪಾದ ಉಳಿಸಿದಿರಲ್ಲ, ಹೆಮ್ಮೆ ಎನಿಸುವುದಿಲ್ಲವೇ ಎಂದು ವ್ಯಾನಿನಲ್ಲಿ ಜೊತೆಗಿರುವ ಈ ವರದಿಗಾರ ಕೇಳಿದರೆ ಕಿಟಕಿಯಾಚೆ ನೋಡುತ್ತಾರೆ.

"ಖುಷಿ ಐತೆ ಸಾರ್. ಆದ್ರೆ ನೋವಾಗ್ತಿಲ್ಲ ಅಂತ ಮೀಸೆ ತಿರುವ್ಕಂಡು ಇನ್ನೂ ಎಷ್ಟು ಜನ ಓಡಾಡ್ತಾವ್ರೋ! ಅವ್ರೆಲ್ಲ ಕಾಲು ನೋಯ್ತಾ ಇರೋವಾಗ್ಲೇ, ಬೈಕಂಡಾದ್ರೂ ಬಂದ್ಬುಡ್ಲಿ. ನೋವಿದ್ರೆ ನರ ಇನ್ನಾ ಐತೆ ಅಂತ, ಉಳ್ಸಾಕೆ ನಂಗೆ ಕೆಲಸ ಐತೆ."