ಪುಟ್ಟಸಿದ್ದಮ್ಮನ ಹೆಪ್ಪು

ನಮ್ಮ ಬೀದಿಯ ಪುಟ್ಟಸಿದ್ದಮ್ಮನ ಮನೆಯಲ್ಲಿ ಒಂದು ಹಳೆಯ ಹೆಪ್ಪು ಇತ್ತು. ಆಕೆಯ ಅತ್ತೆ ಮದುವೆಯಾಗಿ ಕೃಷ್ಣರಾಜನಗರದ ಕಡೆಯಿಂದ ಪಿರಿಯಾಪಟ್ಟಣದ ಈ ಸೀಮೆಗೆ ಬರುವಾಗ ತೆಂಗಿನ ಕರಟದಲ್ಲಿ ತಂದದ್ದಂತೆ. ಇವತ್ತಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದು ನಾಡಿದ್ದಿಗೆ. ಹಾಗೆ ಅದು ಸಾಯದೆ ನಡೆದು ಬಂದಿತ್ತು. ಅಡುಗೆಮನೆಯ ಹೊಗೆಯಲ್ಲಿ ನೆಲುವಿನ ಗಡಿಗೆ ಮೆಲ್ಲಗೆ ತೂಗುತ್ತಿದ್ದರೆ ಒಳಗೆ ಮಗು ಮಲಗಿದಂತಿರುತ್ತಿತ್ತು. ದೀಪ ಹಚ್ಚಿದ ಮೇಲೆ ಯಾರು ಬಂದರೂ ಆಕೆ ಹೆಪ್ಪು ಕೊಡುತ್ತಿರಲಿಲ್ಲ. ಈಗ ಕೇಳುವವರಾದರೂ ಎಲ್ಲಿ? ಹಸು ಕಟ್ಟಿದವರೇ ಹಾಲನ್ನೆಲ್ಲ ಡೈರಿಗೆ ಸುರಿದು ಪ್ಯಾಕೆಟ್ ಮೊಸರು ತಿನ್ನುತ್ತಾರೆ, ನಾಚಿಕೆಗೆಟ್ಟವರು.

ಹೋದ ಮಳೆಗಾಲದಲ್ಲಿ ಆಕೆಯ ಹಸುವಿಗೆ ಕೆಚ್ಚಲು ಬಾವು ಬಂತು. ಡಾಕ್ಟರು ಸೂಜಿ ಹಾಕಿ, ತೊಟ್ಟಿನೊಳಕ್ಕೆ ಟ್ಯೂಬಿನ ಔಷಧಿ ಏರಿಸಿ, ಈ ಹಾಲನ್ನು ಡೈರಿಗೆ ಹಾಕಬೇಡಿ ಎಂದು ಹೇಳಿ ಗಾಡಿ ಹತ್ತಿದರು. ಮನೆಯಲ್ಲೂ ಬಳಸಬೇಡಿ ಎಂದು ಒಡೆದು ಹೇಳುವುದಕ್ಕೆ ಅವರಿಗೇನು ದಾಡಿಯಾಗಿತ್ತೋ. ಪುಟ್ಟಸಿದ್ದಮ್ಮ ಡೈರಿಗೆ ತೊಟ್ಟು ಹಾಲೂ ಹಾಕಲಿಲ್ಲ. ಆದರೆ ಹಾಲನ್ನು ಮಣ್ಣಿಗೆ ಚೆಲ್ಲಿದರೆ ಕೆಚ್ಚಲು ಬತ್ತುತ್ತದೆ ಎಂದು ನಂಬಿದ ಜೀವ ಅದು. ಚೆನ್ನಾಗಿ ಕಾಯಿಸಿದರೆ ಔಷಧಿ ಹೋಗುತ್ತದೆ ಎಂದುಕೊಂಡು, ಉಕ್ಕಿಸಿ, ಆರಿಸಿ, ಗಡಿಗೆಯ ತಳದಲ್ಲಿ ಉಳಿದಿದ್ದ ಹೆಪ್ಪನ್ನೆಲ್ಲ ಅದಕ್ಕೇ ಬೆರೆಸಿಟ್ಟರು.

ಬೆಳಿಗ್ಗೆ ಗಡಿಗೆ ಓರೆ ಮಾಡಿದರೆ ಹಾಲು ಹಾಲಾಗಿಯೇ ಅಲುಗಿತು. ಮಾರನೆಯ ದಿನವೂ ಅಷ್ಟೇ. ನಾನು ಡಾಕ್ಟರಿಗೆ ಫೋನು ಮಾಡಿ ರೇಗಿದ ಮೇಲೆ ಗೊತ್ತಾಯಿತು: ಬಾವಿನ ಕ್ರಿಮಿಯನ್ನು ಕೊಲ್ಲುವ ಔಷಧಿ ಹೆಪ್ಪಿನ ಜೀವವನ್ನೂ ಬಿಡುವುದಿಲ್ಲ, ಬೆಂಕಿಗೂ ಹೆದರುವುದಿಲ್ಲ. ಆಕೆ ಗಡಿಗೆಯೊಳಗೆ ನೋಡುತ್ತಾ ಕೂತರು.

"ನಮ್ಮತ್ತೆ ಇನ್ನೊಂದ್ಸಲ ಸತ್ತಂಗಾಯ್ತು ಕಣಪ್ಪ."

ಆಮೇಲೆ ತಿಪ್ಪೆಯ ಪಕ್ಕ ಗುಂಡಿ ತೋಡಿ, ಹಸುವಿನ ಮುಖ ನೋಡದೆ ಆ ಹಾಲನ್ನು ಸುರಿದರು.

ಆಗ ಆಕೆಗೆ ನೆನಪಾದದ್ದು ತನ್ನ ಅಣ್ಣನ ಮಗಳು ಸೌಂದರ್ಯ. ಅವಳು ಗುರುಪುರಕ್ಕೆ ಮದುವೆಯಾಗಿ ಹೋಗುವಾಗ ಮಡಿಲಕ್ಕಿಯ ಜೊತೆಗೆ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಈಕೆಯೇ ಹೆಪ್ಪು ಕೊಟ್ಟಿದ್ದರು. ಅವಳೂ ಪ್ಯಾಕೆಟ್ಟಿಗೆ ತಿರುಗಿದ್ದರೆ? ಫೋನಿನಲ್ಲಿ ಕೇಳುವ ಧೈರ್ಯ ಸಾಲದೆ ಬಸ್ಸು ಹತ್ತಿದರು. ಹುಣಸೂರಿನಲ್ಲಿ ಬಸ್ಸು ತಪ್ಪಿತು. ಗುರುಪುರ ಮುಟ್ಟುವಾಗ ತುಂತುರಿನಲ್ಲಿ, ಅಲ್ಲಿ ನೆಲೆಸಿರುವ ಟಿಬೆಟಿನವರ ಬಣ್ಣದ ಬಾವುಟಗಳು ನೀರಿನೊಳಗಿನ ಮೀನಿನಂತೆ ಆಡುತ್ತಿದ್ದವು. ಸೌಂದರ್ಯಳ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು.

ವಿಷಯ ಕೇಳಿ ಅವಳು ಒಳಗಿಂದ ಮೊಸರಿನ ಪಾತ್ರೆ ತಂದು ಮುಂದಿಟ್ಟಳು. ಅದೇ ವಾಸನೆ, ಅದೇ ಕೆನೆ. ಪುಟ್ಟಸಿದ್ದಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ದೀಪ ಅಚ್ಚಾಯ್ತಲ್ಲವ್ವ. ಬೆಳಿಗ್ಗೆ ಈಸ್ಕತೀನಿ ಬುಡು."

"ಎಪ್ಪು ಸತ್ತೋದ್ರೂ ನಿಮ್ಮ ಶಾಸ್ತ್ರ ಸಾಯಾಕಿಲ್ಲ ಕಣತ್ತೆ," ಎಂದು ಸೌಂದರ್ಯ ನಕ್ಕಳು.

ಬೆಳಿಗ್ಗೆ ಅವಳು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಅದೇ ಹಳೆಯ ಡಬ್ಬಿಯಲ್ಲಿ ಕೊಟ್ಟಳು. ಪುಟ್ಟಸಿದ್ದಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಮಧ್ಯಾಹ್ನದವರೆಗೂ ಬಸ್ಸಿಗೆ ಕಾದು ಕಾದು, ಹುಣಸೂರು ದಾಟುವಷ್ಟರಲ್ಲಿ ನಿದ್ದೆ ಹೋದರು. ಕನಸಿನಲ್ಲಿ ಅತ್ತೆ ಕರಟ ಹಿಡಿದು ಪಕ್ಕದ ಸೀಟಿನಲ್ಲೇ ಕೂತಿದ್ದರಂತೆ. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು ಹಸಿರು ಹೊಳೆಯಾಗಿ ಹರಿಯುತ್ತಿದ್ದವಂತೆ.

ಪಿರಿಯಾಪಟ್ಟಣದಲ್ಲಿ ಕಂಡಕ್ಟರು ಎಬ್ಬಿಸಿದಾಗ ಮೊದಲು ಮುಚ್ಚಳ ತೆಗೆದು ಡಬ್ಬಿ ಓರೆ ಮಾಡಿದರು. ಅಲುಗಲಿಲ್ಲ. ಮೈಯ ಕಾವಿಗೆ ಮಡಿಲಲ್ಲೇ ಮೊಸರಾಗಿತ್ತು.