ನಲವತ್ತಾರಕ್ಕೆ ಹನುಮಾನಾಸನ

ರಕ್ತ ತೆಗೆಯುವ ಖಾಲಿ ಟ್ಯೂಬೊಂದು ಕೈಜಾರಿ ಮೇಜಿನ ಕೆಳಗೆ ಉರುಳಿತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಮಂಡಿಯೂರಿ ಕೂತು, ಕೈ ಚಾಚಿ ಎತ್ತಿಕೊಂಡೆ. ಆದರೆ ಏಳಲು ಆಗಲಿಲ್ಲ. ಬಲ ಸೊಂಟ ಕಚ್ಚಿ ಹಿಡಿದುಕೊಂಡಂತೆ ನಿಂತುಬಿಟ್ಟಿತು. ಮೇಜಿನ ಕಾಲು ಹಿಡಿದೆ, ಸ್ಟೂಲು ಹಿಡಿದೆ, ಏನು ಮಾಡಿದರೂ ಮೈ ಮೇಲಕ್ಕೇಳಲಿಲ್ಲ. ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಹೊರಗೆ ಕೂತಿದ್ದ ಅಜ್ಜಿಯೊಬ್ಬರು ಬಾಗಿಲಿಂದ ಇಣುಕಿ ನೋಡಿದರು.

"ಕೈ ಕೊಡ್ರಿ ಮೇಡಂ, ಎಬ್ಬಿಸ್ತೀನಿ."

ಅವರಿಗೆ ಎಪ್ಪತ್ತಾದರೂ ಆಗಿರಬೇಕು. ನನಗೆ ಆಗ ನಲವತ್ತೈದು. ಅವರ ಕೈ ಹಿಡಿದು ಎದ್ದೆ. ಆಮೇಲೆ ಅವರ ರಕ್ತ ತೆಗೆಯುವಾಗ ಮುಖ ನೋಡಲು ನಾಚಿಕೆಯಾಯಿತು.

ನೋವಿಗಿಂತ ನನ್ನನ್ನು ಹೆದರಿಸಿದ್ದು ಅವ್ವನ ನೆನಪು. ಅವಳಿಗೂ ಹೀಗೆಯೇ, ನೆಲದಿಂದ ಏಳಲು ಆಗದೆ ಶುರುವಾಗಿತ್ತು. ಸೊಂಟದ ಕೀಲು ಸವೆದಿತ್ತು. ಮೊದಲು ಕೋಲು ಹಿಡಿದಳು, ಕೊನೆಯ ಮೂರು ವರ್ಷ ಮಂಚ ಬಿಟ್ಟು ಇಳಿಯಲಿಲ್ಲ. ಬೇರೆಯವರ ರಿಪೋರ್ಟುಗಳನ್ನು ದಿನವೂ ಬರೆಯುವ ನಾನು ನನ್ನ ಎಕ್ಸ್‌ರೇ ತೆಗೆಸುವುದನ್ನು ಎರಡು ತಿಂಗಳು ಮುಂದೂಡಿದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಎಡಗಾಲನ್ನೇ ಮೊದಲು ಇಡುತ್ತಿದ್ದೆ. ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ನೆಲಕ್ಕೆ ಕೂರಬೇಕಾಗುತ್ತದೆಂದು ಏನೋ ನೆಪ ಹೇಳಿ ಊಟಕ್ಕೆ ಮೊದಲೇ ಹೊರಟುಬಿಡುತ್ತಿದ್ದೆ. ಕೊನೆಗೆ ಒಂದು ದಿನ ಮನೆಯವರೇ ಒತ್ತಾಯ ಮಾಡಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಕೀಲು ಚೆನ್ನಾಗೈತಮ್ಮಾ. ಸವೆದಿಲ್ಲ, ಏನಿಲ್ಲ. ಸುತ್ತಲಿನ ಮಾಂಸಖಂಡ ಬಿಗಿದು ಮರದ ಕೊರಡಾಗೈತೆ, ಅಷ್ಟೇ. ದಿನವೆಲ್ಲ ಸ್ಟೂಲ್ ಮ್ಯಾಲೆ ಕೂತ್ರೆ ಮತ್ತೇನಾಗ್ತೈತೆ?"

ನಾನು ಅಲ್ಲೇ ಅತ್ತುಬಿಟ್ಟೆ. ಎರಡು ತಿಂಗಳು ಹೊತ್ತು ತಿರುಗಿದ ಹೆದರಿಕೆ ಒಂದೇ ಮಾತಿಗೆ ಇಳಿದುಹೋಯಿತು. ಡಾಕ್ಟರು ಗಾಬರಿಯಾಗಿ, "ಚೆನ್ನಾಗೈತೆ ಅಂದೆನಮ್ಮಾ ನಾನು" ಎಂದು ಮತ್ತೊಮ್ಮೆ ಹೇಳಿದರು.

ಪಕ್ಕದ ಕೋಣೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಹುಡುಗಿ ನನ್ನ ಕಾಲುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಎಡಗಾಲು ಅಷ್ಟಿಷ್ಟು ಬಂತು. ಬಲಗಾಲು ಅರ್ಧಕ್ಕೇ ನಿಂತಿತು.

"ತೊಡೆ ಹಿಂದೆ ಹಳೇ ಪೆಟ್ಟೇನಾದ್ರೂ ಆಗಿತ್ತಾ ಮೇಡಂ?"

"ಇಲ್ಲ" ಎಂದೆ. ಯಾಕೆ ಹಾಗೆಂದೆನೋ. ಆಗಿತ್ತು.

ನಾವು ಬೆಳೆದದ್ದು ಮಲೆಬೆನ್ನೂರಿನಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಭತ್ತದ ತೂಕ ನೋಡಿಕೊಳ್ಳುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಶಾಲೆಯಲ್ಲಿ ಯೋಗಕ್ಕೆ ಹೆಸರಾಗಿದ್ದಳು. ಅವಳ ಮೈ ಹಸಿ ಬಳ್ಳಿಯ ಹಾಗೆ ಬಾಗುತ್ತಿತ್ತು. ಒಂದು ಕಾಲನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ನೇರ ಚಾಚಿ ನೆಲಕ್ಕೆ ಕೂರುವ ಹನುಮಾನಾಸನವನ್ನು ಅವಳು ಮಾತಾಡುತ್ತಲೇ ಮಾಡುತ್ತಿದ್ದಳು. ಮೈಸೂರಿನಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ಅವಳನ್ನು ಆರಿಸಿದ್ದರು. ಹೊರಡಲು ಇನ್ನು ಹತ್ತು ದಿನವಿತ್ತು.

ಒಂದು ಸಂಜೆ ಅವಳು ಪಡಸಾಲೆಯಲ್ಲಿ ಅಭ್ಯಾಸ ಮಾಡುವಾಗ ನಾನೂ ಪಕ್ಕದಲ್ಲಿ ಕಾಲು ಚಾಚಿ ಕೂತೆ. ನೆಲಕ್ಕೆ ಒಂದು ಗೇಣು ಉಳಿಯಿತು. "ಅಕ್ಕಾ, ಭುಜ ಹಿಡಿದು ಒತ್ತೇ" ಎಂದೆ. ಅವಳು ಮೆಲ್ಲಗೆ ಒತ್ತಿದಳು. "ಇನ್ನೂ ಒತ್ತು" ಎಂದೆ. ತೊಡೆಯ ಹಿಂದೆ ಏನೋ ಟಪ್ಪೆಂದಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿ ಬಂದರು. ಮಾರನೆಯ ದಿನಕ್ಕೆ ತೊಡೆಯಿಂದ ಮೊಣಕಾಲಿನವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದೂವರೆ ತಿಂಗಳು ಶಾಲೆಗೆ ಹೋಗಲಿಲ್ಲ.

ಅವತ್ತು ಗಿರಣಿಯಿಂದ ಬಂದ ಅಪ್ಪ, "ಹೆಂಗಾಯ್ತಿದು?" ಎಂದು ಕೇಳಿದರು. "ಅಕ್ಕ ಒತ್ತಿದ್ಲು" ಎಂದೆ ನಾನು. ಅಷ್ಟೇ ಹೇಳಿದ್ದು. ಒತ್ತು ಎಂದವಳು ನಾನೇ ಎಂಬುದನ್ನು ಹೇಳಲಿಲ್ಲ. ಅಪ್ಪ ಅಕ್ಕನ ಕಡೆ ತಿರುಗಿ, "ಇವತ್ತಿಂದ ಈ ಮನೇಲಿ ಯೋಗ ಗೀಗ ಬ್ಯಾಡ. ಮೈಸೂರೂ ಬ್ಯಾಡ" ಎಂದರು. ಅಕ್ಕ ಬಾಯಿ ಬಿಡಲಿಲ್ಲ. ಮೂವತ್ತನಾಲ್ಕು ವರ್ಷ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಫಿಸಿಯೋಥೆರಪಿಯ ಹುಡುಗಿ ಐದು ವ್ಯಾಯಾಮ ಹೇಳಿಕೊಟ್ಟಿದ್ದಳು. ಬೆಳಿಗ್ಗೆ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಾಡುತ್ತಿದ್ದೆ. ಟಿವಿ ಸದ್ದು ಕಡಿಮೆ ಮಾಡಿ ಮನೆಯವರು ನನ್ನನ್ನೇ ನೋಡುತ್ತಿದ್ದರು. ಎಡಗಾಲು ವಾರ ವಾರಕ್ಕೂ ಸಡಿಲವಾಯಿತು. ಬಲಗಾಲಿನಲ್ಲಿ ಮಾತ್ರ, ತೊಡೆಯ ಹಿಂದೆ ಎಳೆತ ಶುರುವಾದ ಕೂಡಲೇ ಮೈಯೆಲ್ಲ ಬಿಗಿದುಕೊಂಡು ಕಾಲು ತಾನಾಗಿಯೇ ಮಡಚಿಕೊಳ್ಳುತ್ತಿತ್ತು.

ಅಂಥ ದಿನಗಳಲ್ಲೇ ಒಂದು ಭಾನುವಾರ ರವಿಕೆ ತರಲು ಹರಿಹರಕ್ಕೆ ಹೋದೆ. ಅಕ್ಕನ ಮನೆ ಇರುವುದು ಹೊಳೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಜೂನ್ ಹತ್ತಿರವಾದ್ದರಿಂದ ಶಾಲೆ ಮಕ್ಕಳ ಯೂನಿಫಾರ್ಮಿನ ನೀಲಿ ಬಟ್ಟೆ ಥಾನುಗಟ್ಟಲೆ ಬಿದ್ದಿತ್ತು. ನಾನು ಒಳಗೆ ಹೋದಾಗ ಅವಳು ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು. ಎರಡೂ ಕಾಲು ಎರಡು ದಿಕ್ಕಿಗೆ ಪೂರ್ತಿ ಚಾಚಿದ್ದವು. ನಡುವೆ ಬಟ್ಟೆ, ಅದರ ಮೇಲೆ ಎದೆ ತಾಗುವಷ್ಟು ಬಾಗಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ಅವಳಿಗೆ ಐವತ್ತು ಹತ್ತಿರವಾಗಿತ್ತು. ತಾನು ಹಾಗೆ ಕೂತಿದ್ದೇನೆಂಬ ಪರಿವೆಯೇ ಅವಳಿಗೆ ಇರಲಿಲ್ಲ.

"ಅಕ್ಕಾ, ನಂಗೆ ಹನುಮಾನಾಸನ ಕಲಿಸ್ತೀಯಾ?"

ನನ್ನ ಬಾಯಿಂದ ಅದು ಹೇಗೆ ಬಂತೋ ನನಗೇ ಗೊತ್ತಿಲ್ಲ. ಅಕ್ಕ ಗೆರೆ ಎಳೆಯುವುದನ್ನು ನಿಲ್ಲಿಸಿದಳು.

"ತಲೆ ನೆಟ್ಟಗೈತೇನೇ ನಿಂಗೆ?"

ಟ್ಯೂಬು ಬಿದ್ದದ್ದು, ಎಕ್ಸ್‌ರೇ, ಡಾಕ್ಟರು ಎಲ್ಲವನ್ನೂ ಹೇಳಿದೆ. ಅವಳು ಸೀಮೆಸುಣ್ಣ ಕೆಳಗಿಟ್ಟು, "ಬಾಯಲ್ಲಿ ಹೇಳ್ತೀನಿ. ನಾನು ಮುಟ್ಟಲ್ಲ" ಎಂದಳು.

ಹಾಗೆ ಶುರುವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಎಂಟರ ಬಸ್ಸು ಹತ್ತಿ, ಬಾತಿ ದಾಟಿ, ಹರಿಹರದಲ್ಲಿ ಇಳಿದು ಅವಳ ಮನೆಗೆ ಹೋಗುತ್ತಿದ್ದೆ. ಅಕ್ಕ ಮಿಷನ್ನಿನ ಮುಂದೆ ಕೂತು ಕಾಜಾ ಹಾಕುತ್ತಲೋ ಗುಂಡಿ ಹಚ್ಚುತ್ತಲೋ ಹೇಳುತ್ತಿದ್ದಳು. ಮೊದಲು ಹತ್ತು ನಿಮಿಷ ಹಿತ್ತಲಲ್ಲಿ ಓಡಾಡಿ ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಎಡಮಂಡಿ ನೆಲಕ್ಕೆ ಊರಿ, ಬಲಪಾದ ಮುಂದಿಟ್ಟು ಸೊಂಟ ಇಳಿಬಿಡಬೇಕು. ಅದು ಹಗುರವಾದ ಮೇಲೆ ಬಲಗಾಲಿಗೆ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ನುಣುಪಾದ ನೆಲದ ಮೇಲೆ ಒಂದೊಂದೇ ಬೆರಳಿನಷ್ಟು ಮುಂದಕ್ಕೆ ಜಾರಿಸಬೇಕು. ಕೈಗಳಿಗೆ ಆಸರೆಯಾಗಿ ಎರಡೂ ಪಕ್ಕ ಒಂದೊಂದು ಇಟ್ಟಿಗೆ. ತೊಡೆಯ ಕೆಳಗೆ ಅವ್ವ ಹೊಲಿದಿದ್ದ ದಪ್ಪ ಕೌದಿಯನ್ನು ಮಡಚಿ ಮಡಚಿ ಇಟ್ಟಿದ್ದಳು. ಬಿದ್ದರೂ ಅದರ ಮೇಲೆಯೇ ಬೀಳಬೇಕು.

"ಎಳೆದ್ರೆ ಇರು. ಚುಚ್ಚಿದ್ರೆ ಬಿಡು. ನೂರು ಎಣಿಸು, ಆಮ್ಯಾಲೆ ಏಳು" ಎನ್ನುತ್ತಿದ್ದಳು. ಅವಸರ ಮಾಡಿದರೆ, "ಯಾಕ, ಬಸ್ ಹೋಗ್ತೈತಾ?" ಎಂದು ಗದರುತ್ತಿದ್ದಳು.

ಮೊದಲ ದಿನ ಕೌದಿಗೆ ಎಂಟು ಮಡಿಕೆ ಬೇಕಾಯಿತು. ಅದರ ಮೇಲೆ ದಿಂಬು ಬೇರೆ. ಒಂದು ತಿಂಗಳಿಗೆ ದಿಂಬು ಹೋಯಿತು. ಎರಡನೆಯ ತಿಂಗಳ ಕೊನೆಗೆ ನಾಲ್ಕು ಮಡಿಕೆ ಸಾಕಾಯಿತು. ಬಸ್ಸಿನ ಮೆಟ್ಟಿಲಿಗೆ ಬಲಗಾಲೇ ಮೊದಲು ಹೋಗುತ್ತಿರುವುದನ್ನು ಒಂದು ದಿನ ಗಮನಿಸಿದೆ. ಯಾವತ್ತಿನಿಂದ ಹಾಗಾಯಿತೋ ಗೊತ್ತಾಗಲಿಲ್ಲ.

ಆದರೆ ನಾಲ್ಕು ಮಡಿಕೆಯಿಂದ ಕೆಳಗೆ ಇಳಿಯಲಿಲ್ಲ. ಒಂದು ವಾರ, ಎರಡು ವಾರ, ಐದು ವಾರ ಅಲ್ಲೇ ನಿಂತೆ. ಅಕ್ಕ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಾ ಕೂತಳು.

"ಕಾಲಿಗೇನೂ ಆಗಿಲ್ಲ. ನೀನು ಉಸಿರು ಹಿಡೀತೀಯ. ಏನೇ ಅಷ್ಟು ಹೆದರಿಕೆ?"

ನಾನು ಇಟ್ಟಿಗೆಗಳ ಮೇಲೆ ಕೈಯೂರಿಕೊಂಡೇ ಇದ್ದೆ. ಆ ಭಂಗಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಧೈರ್ಯ ಬಂತೇನೋ.

"ಅಕ್ಕಾ, ಅವತ್ತು ಒತ್ತು ಅಂದಿದ್ದು ನಾನೇ. ಅಪ್ಪನಿಗೆ ಅದನ್ನ ಹೇಳ್ಲಿಲ್ಲ."

"ಗೊತ್ತೈತೆ."

ನಾನು ಕೌದಿಯ ಮೇಲೆ ಕುಸಿದು ಕೂತು ಅವಳ ಕಡೆ ತಿರುಗಿದೆ.

"ಗೊತ್ತಿತ್ತಾ?"

"ನಾನೇನು ಕಿವುಡೀನಾ? ಎರಡು ಸಲ ಅಂದೆ ನೀನು."

"ಮತ್ತೆ ಅಪ್ಪನ ಮುಂದೆ ಯಾಕ ಸುಮ್ನಿದ್ದೆ?"

"ಏನಂತ ಹೇಳ್ಬೇಕಿತ್ತು? ಹನ್ನೊಂದು ವರ್ಷದ ಹುಡುಗಿ ಒತ್ತು ಅಂದ್ಲು, ನಾನು ಒತ್ತಿದೆ ಅಂತಾನಾ? ದೊಡ್ಡಾಕಿ ನಾನು. ಬುದ್ಧಿ ನಂಗಿರಬೇಕಿತ್ತು. ಆ ಟಪ್ ಅಂದ ಸದ್ದು ಈಗ್ಲೂ ಕೈಯಾಗೈತೆ. ಅದಕ್ಕೇ ನಿನ್ನ ಮುಟ್ಟಲ್ಲ ಅಂದೆ."

ಇಷ್ಟು ವರ್ಷ ಅಕ್ಕ ನನ್ನ ಮೇಲಿನ ಸಿಟ್ಟನ್ನು ನುಂಗಿಕೊಂಡಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅವಳು ನೋಡಿದರೆ ನನ್ನ ತೊಡೆ ಹರಿದವಳು ತಾನೆಂದು ಕೊರಗುತ್ತಿದ್ದಳು. ಇಬ್ಬರೂ ವರ್ಷಕ್ಕೆ ಇಪ್ಪತ್ತು ಸಲ ಭೇಟಿಯಾಗಿ, ರವಿಕೆ ಅಳತೆ, ಮಕ್ಕಳ ಪರೀಕ್ಷೆ, ಸಾರಿನ ಪುಡಿ, ಎಲ್ಲ ಮಾತಾಡಿದ್ದೆವು. ಇದೊಂದನ್ನು ಬಿಟ್ಟು.

"ಮೈಸೂರು ತಪ್ಪಿಹೋಯ್ತಲ್ಲ ಅಕ್ಕಾ ನಿಂಗೆ."

ಅಕ್ಕ ಮೊದಲು ನಕ್ಕಳು. "ಒಂದು ಮಾತು ಹೇಳ್ತೀನಿ. ಅಪ್ಪ ಬ್ಯಾಡ ಅಂದಾಗ ನಂಗೆ ಜೀವ ಬಂದಂಗಾಗಿತ್ತು. ಅಷ್ಟು ಜನರ ಮುಂದೆ ಹೆಂಗೆ ಮಾಡ್ಲಿ ಅಂತ ಒಂದು ವಾರದಿಂದ ಅನ್ನ ಇಳೀತಿರ್ಲಿಲ್ಲ." ಆಮೇಲೆ ಮುಖ ಸ್ವಲ್ಪ ಗಂಭೀರವಾಯಿತು. "ಹೊಟ್ಟೆ ಉರಿದಿದ್ದು ಆಮ್ಯಾಲೆ. ನನ್ನ ಬದ್ಲಿ ಹೋದ ಹುಡುಗಿ ಕಪ್ ತಗೊಂಡು ಬಂದ್ಲಲ್ಲ, ಆವಾಗ. ಒಂದು ವರ್ಷ ನಿನ್ನ ಕಂಡ್ರೆ ಸಿಟ್ಟು ಬರ್ತಿತ್ತು. ಇಲ್ಲ ಅಂದ್ರೆ ಸುಳ್ಳಾಗ್ತೈತೆ."

"ಈಗ?"

"ಈಗ ಸಿಟ್ಟಿದ್ರೆ ವಾರ ವಾರ ನಿಂಗೆ ಉಪ್ಪಿಟ್ಟು ತಿರುವ್ತಿದ್ನೇನೇ? ಏಳು, ಮತ್ತೆ ಕಾಲು ಚಾಚು."

ಕಾಲು ಚಾಚಿದೆ. ಅಕ್ಕ ಎದ್ದು ನನ್ನ ಹಿಂದೆ ಬಂದು ಮಂಡಿಯೂರಿ ಕೂತಳು. ಭುಜ ಮುಟ್ಟಲಿಲ್ಲ. ಎರಡೂ ಕೈಯಿಂದ ನನ್ನ ಸೊಂಟ ಹಿಡಿದು, ಪಕ್ಕಕ್ಕೆ ತಿರುಗಿಕೊಂಡಿದ್ದ ಬಲಗಡೆಯನ್ನು ಎಡಗಡೆಯ ಸಾಲಿಗೆ ನೇರ ಮಾಡಿದಳು. "ಉಸಿರು ಬಿಡು" ಎಂದಳು. ಬಿಟ್ಟೆ. ಅವಳೂ ಬಿಟ್ಟಳು, ನನ್ನ ಕುತ್ತಿಗೆಗೆ ತಾಗಿತು. ಕೆಳಗೆ ಒತ್ತಲಿಲ್ಲ, ಹಾಗೇ ಹಿಡಿದುಕೊಂಡಿದ್ದಳು. ಅವತ್ತು ಒಂದು ಮಡಿಕೆ ಕಡಿಮೆಯಾಯಿತು.

ಪೂರ್ತಿ ನೆಲಕ್ಕೆ ಕೂತದ್ದು ಡಿಸೆಂಬರಿನಲ್ಲಿ. ಆ ಹೊತ್ತಿಗೆ ನನಗೆ ನಲವತ್ತಾರು ತುಂಬಿತ್ತು. ಕೊನೆಯ ಮಡಿಕೆಯನ್ನು ಅಕ್ಕ ಹೇಳದೇ ಕೇಳದೇ ಎಳೆದುಬಿಟ್ಟಿದ್ದಳು. ತೊಡೆಗೆ ನೆಲ ತಣ್ಣಗೆ ತಾಗಿದಾಗಲೇ ನನಗೆ ಗೊತ್ತಾದದ್ದು. ತೊಡೆಯ ಹಿಂದೆ ಉದ್ದಕ್ಕೂ ಎಳೆತವಿತ್ತು, ಆದರೆ ಚುಚ್ಚಲಿಲ್ಲ. ಇಟ್ಟಿಗೆ ಬಿಟ್ಟು ಕೈಯೆತ್ತಿದೆ. ಅಕ್ಕ ಫೋನಿನಲ್ಲಿ ಫೋಟೋ ತೆಗೆಯಲು ಹೋಗಿ ತನ್ನ ಹೆಬ್ಬೆರಳನ್ನೇ ತೆಗೆದಳು. ಎರಡನೆಯದು ಸರಿಯಾಗಿ ಬಂತು. ಎಡಗಾಲು ಮುಂದಿಟ್ಟು ಬಲಗಾಲನ್ನು ಹಿಂದೆ ಚಾಚಿದರೆ ಇವತ್ತಿಗೂ ನೆಲಕ್ಕೆ ನಾಲ್ಕು ಬೆರಳು ಉಳಿಯುತ್ತದೆ. ಇರಲಿ.

ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಸೇರಿ ಮಲೆಬೆನ್ನೂರಿಗೆ ಹೋದೆವು. ಅಪ್ಪ ಅಲ್ಲಿ ನಮ್ಮ ತಮ್ಮನ ಜೊತೆಗಿದ್ದಾರೆ. ಎಂಬತ್ತು ದಾಟಿದ್ದರೂ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಬೆಳಿಗ್ಗೆ ಎರಡು ತಾಸು ಕೂರುತ್ತಾರೆ. ಅವರು ಅಂಗಡಿಯಿಂದ ಬಂದು ಕುರ್ಚಿಯಲ್ಲಿ ಕೂತಾಗ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದನ್ನು ಹೇಳಿದೆ. ಅವತ್ತು ಯೋಗ ಮಾಡುವಾಗ ನನ್ನ ಕಾಲಿಗೆ ಪೆಟ್ಟಾದದ್ದರಲ್ಲಿ ಅಕ್ಕನದೇನೂ ತಪ್ಪಿರಲಿಲ್ಲ, ಒತ್ತು ಅಂದವಳು ನಾನು, ನಿಮ್ಮ ಮುಂದೆ ಅದನ್ನು ಮುಚ್ಚಿಟ್ಟೆ ಎಂದೆ.

ಅಪ್ಪ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಯಾವ ಯೋಗ?"

ಅಕ್ಕ ಬಿಡಿಸಿ ಹೇಳಿದಳು. ಮೈಸೂರಿನ ಸ್ಪರ್ಧೆ, ಅವರೇ ಬ್ಯಾಡ ಅಂದದ್ದು. ಅಪ್ಪನಿಗೆ ಅದೊಂದೂ ನೆನಪಿರಲಿಲ್ಲ.

"ಇವಳ ಕಾಲು ಊದಿದ್ದು ನೆನಪೈತೆ. ಬಸ್ ತಪ್ಪಿ, ಗಿರಣಿ ಟ್ರ್ಯಾಕ್ಟರ್‌ನಾಗೆ ಹುಲ್ಲು ಹಾಕಿ ಮಲಗಿಸ್ಕೊಂಡು ದವಾಖಾನಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಅಳ್ತಿದ್ಲು." ಆಮೇಲೆ ನನ್ನ ಕಾಲಿನ ಕಡೆ ನೋಡಿ, "ಈಗ ಹೆಂಗೈತೆ ಕಾಲು?" ಎಂದು ಕೇಳಿದರು.

"ಚೆನ್ನಾಗೈತಪ್ಪಾ."

"ಹಂಗಾದ್ರೆ ಮತ್ತೇನು? ಊಟಕ್ಕೆ ಕೂಡ್ರಿ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ಹಿಂದೆಯೇ ಹೋದೆ. ಇಬ್ಬರೂ ಒಲೆಯ ಮುಂದೆ ನಿಂತು ಸದ್ದಾಗದಂತೆ ನಗುತ್ತಿದ್ದೆವು. ತಮ್ಮನ ಹೆಂಡತಿ ಏನಾಯಿತೆಂದು ತಿಳಿಯದೆ ತಾನೂ ನಗತೊಡಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿ ಬದಿ ಸಿಕ್ಕಿತ್ತು. ಗದ್ದೆಗಳಲ್ಲಿ ನಾಟಿಗೆ ನೀರು ಬಿಟ್ಟಿದ್ದರು. ಕುಂಬಳೂರು ಬರುವಷ್ಟರಲ್ಲಿ ಅಕ್ಕ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಹರಿಹರದ ನಿಲ್ದಾಣದಲ್ಲಿ ಎಲ್ಲರೂ ಇಳಿಯುವವರೆಗೂ ನಾನು ಅವಳನ್ನು ಎಬ್ಬಿಸಲಿಲ್ಲ.